ಪೆಟ್ಟಿಗೆ ಅರ್ಧ, ತಂತಿ-ಮಣ್ಣು ಇನ್ನರ್ಧ: ನಮ್ಮ ಹಳ್ಳಿಗಳಲ್ಲಿ ಟೇಬಲ್ ರೇಡಿಯೋ ಮಾತಾಡಿದ ಕಥೆ

ಮಳೆ ಹಿಡಿದು ಕೂತಿದೆ, ಔಷಧಿ ಹೊಡೆಯೋಕೂ ಬಿಡ್ತಿಲ್ಲ. ಹಾಗಾಗಿ ಈ ಸಲ ಬೆಳೆ, ರೋಗ, ಧಾರಣೆ ಬಿಟ್ಟು ಬೇರೆ ವಿಷಯ. ಸ್ವಲ್ಪ ಉದ್ದ ಇದೆ, ಊಟ ಆದಮೇಲೆ ನಿಧಾನಕ್ಕೆ ಓದಿ.

ನಮ್ಮ ಕಡೆ ಹಳೇ ಮನೆ ಬಿಚ್ಚುವಾಗ, ಅಟ್ಟ ಖಾಲಿ ಮಾಡುವಾಗ ಮರದ ಪೆಟ್ಟಿಗೆಯ ಟೇಬಲ್ ರೇಡಿಯೋ ಒಂದು ಸಿಕ್ಕೇ ಸಿಗುತ್ತೆ. ಮರ್ಫಿಯೋ, ಫಿಲಿಪ್ಸೋ, ಬುಷ್ಷೋ. ಹುಡುಗರು ಧೂಳು ಒರೆಸಿ ಪ್ಲಗ್ಗಿಗೆ ಹಾಕ್ತಾರೆ. ಗೊರ್ರ್ ಅನ್ನುತ್ತೆ, ಇಲ್ಲಾ ಏನೂ ಅನ್ನಲ್ಲ. "ಕೆಟ್ಟಿದೆ ಬಿಡು" ಅಂತ ಗುಜರಿಯವರಿಗೆ ತೂಕಕ್ಕೆ ಹೋಗುತ್ತೆ. ಆ ಪೆಟ್ಟಿಗೆ ಕೆಟ್ಟಿರಬಹುದು, ಇಲ್ಲ ಅನ್ನಲ್ಲ. ಆದರೆ ಎಷ್ಟೋ ಸಲ ಆಗಿರೋದು ಬೇರೆ. ರೇಡಿಯೋ ಅಂದ್ರೆ ಆ ಪೆಟ್ಟಿಗೆ ಅರ್ಧ ಮಾತ್ರ. ಇನ್ನರ್ಧ ಸೂರಿನ ಮೇಲಿನ ತಂತಿ, ಬಚ್ಚಲ ಹಿಂದಿನ ಮಣ್ಣು, ಕೇಳುವ ಹೊತ್ತು, ಮತ್ತೆ ಅದನ್ನು ಹೊಂದಿಸುತ್ತಿದ್ದ ಮನುಷ್ಯನ ಕೈ. ಆ ಇನ್ನರ್ಧವನ್ನು ನಾವು ಪೆಟ್ಟಿಗೆಗಿಂತ ಮೊದಲೇ ಕಳೆದುಕೊಂಡ್ವಿ. ಅದು ಹೇಗೆ ಬಂತು, ಹೇಗೆ ಹೋಯ್ತು, ಈಗಲೂ ಅದರಿಂದ ನಮಗೆ ಏನು ಉಪಯೋಗ ಅನ್ನೋದೇ ಈ ಬರಹ.

ಮೈಸೂರಿನ ಒಂದು ಮನೆಯಿಂದ

ಈ ದೇಶದಲ್ಲಿ ಕ್ರಮವಾಗಿ ಪ್ರಸಾರ ಶುರುವಾಗಿದ್ದು 1927ರಲ್ಲಿ ಮುಂಬೈನಿಂದ, ಆಮೇಲೆ ಕಲ್ಕತ್ತದಿಂದ. ನಮ್ಮ ರಾಜ್ಯದ ಕಥೆ ಶುರುವಾಗೋದು 1935ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಮನೆ 'ವಿಠ್ಠಲ ವಿಹಾರ'ದಲ್ಲೇ ಸಣ್ಣ ಪ್ರಸಾರ ಕೇಂದ್ರ ಇಟ್ಟರು. ಅದಕ್ಕೆ 'ಆಕಾಶವಾಣಿ' ಅಂತ ಹೆಸರು. ದೇಶದ ರೇಡಿಯೋಗೆಲ್ಲ ಆ ಹೆಸರು ಬಂದದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದಮೇಲೆ. ಅಂದ್ರೆ ದೆಹಲಿಗೆ ಹೆಸರು ಹೋದದ್ದು ಮೈಸೂರಿನ ಒಂದು ಮನೆಯಿಂದ.

ಆ ಕೇಂದ್ರದ ಶಕ್ತಿ ತೀರಾ ಸಣ್ಣದು. ಆಮೇಲೆ ಹೆಚ್ಚಿಸಿದಾಗಲೂ 250 ವಾಟ್. ಈಗಿನ ಲೆಕ್ಕದಲ್ಲಿ ಅದು ಒಂದು ಮಿಕ್ಸಿಗಿಂತ ಕಡಿಮೆ! ಮುಂದೆ ಬೆಂಗಳೂರಿಗೆ ಬಂದ ದೊಡ್ಡ ಟ್ರಾನ್ಸ್‌ಮಿಟರ್ 200 ಕಿಲೋವಾಟ್, ಅಂದ್ರೆ ಅದರ 800 ಪಟ್ಟು. ಇದನ್ನ ಯಾಕೆ ಹೇಳಿದೆ ಅಂದ್ರೆ, ಕಳಿಸುವ ಕಡೆ ಶಕ್ತಿ ಕಡಿಮೆ ಇದ್ದಷ್ಟೂ ಹಿಡಿಯುವ ಕಡೆ ಶ್ರಮ ಜಾಸ್ತಿ ಬೇಕು. ಸೂರಿನ ಮೇಲಿನ ಉದ್ದ ತಂತಿಯ ಕಥೆ ಹುಟ್ಟಿದ್ದೇ ಇಲ್ಲಿಂದ.

ಆಮೇಲೆ ಒಂದೊಂದಾಗಿ ಕೇಂದ್ರಗಳು ಬಂದವು. 1950ರ ಜನವರಿ 8ಕ್ಕೆ ಧಾರವಾಡ. 1955ರ ನವೆಂಬರ್ 2ಕ್ಕೆ ಬೆಂಗಳೂರು. 1965ರಲ್ಲಿ ನಮ್ಮ ಭದ್ರಾವತಿ, ಮರುವರ್ಷ ಕಲಬುರಗಿ. ಭದ್ರಾವತಿ ಬರೋವರೆಗೂ ನಮ್ಮ ಸುತ್ತಮುತ್ತ ಕನ್ನಡ ಕೇಳಬೇಕು ಅಂದ್ರೆ ಒಂದು ಕಡೆ ಧಾರವಾಡ, ಇನ್ನೊಂದು ಕಡೆ ಬೆಂಗಳೂರು. ಎರಡೂ ದೂರ. ನಡುವೆ ಇದ್ದವರು ತಂತಿ ಎಳೆದು ಹಿಡಿಯಬೇಕಿತ್ತು.

ಪೆಟ್ಟಿಗೆ ಮನೆಗೆ ಬಂದಾಗ

ಮೊದಲ ಕೆಲಸ ಪೋಸ್ಟಾಫೀಸಿಗೆ ಹೋಗೋದು. ರೇಡಿಯೋ ಇಡೋಕೆ ಲೈಸೆನ್ಸ್ ಬೇಕಿತ್ತು. 1933ರ ವೈರ್‌ಲೆಸ್ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳೋದು ತಪ್ಪು. ಅಂಚೆ ಕಚೇರಿಯಲ್ಲೇ ಒಂದು ಸಣ್ಣ ಪುಸ್ತಕ ಕೊಡೋರು, ವರ್ಷ ವರ್ಷ ದುಡ್ಡು ಕಟ್ಟಿ ಮುದ್ರೆ ಹಾಕಿಸಬೇಕು. 1980ರ ದಶಕದಲ್ಲಿ ಅದನ್ನ ತೆಗೆದುಹಾಕಿದರು. ಆ ಪುಸ್ತಕ ನಿಮ್ಮ ಮನೆ ಹಳೇ ಕಂದಾಯ ರಸೀದಿ ಕಟ್ಟಿನಲ್ಲಿ ಇರಬಹುದು, ನೋಡಿ. ಸೆಟ್ಟಿನ ವಿವರ ಬರೆದಿರೋ ಆ ಪುಸ್ತಕ ಈಗ ಆ ಮನೆಯ ಒಂದು ದಾಖಲೆ.

ಎರಡನೇ ಕೆಲಸ, ಸೆಟ್ ಎಲ್ಲಿ ಇಡೋದು ಅಂತ. ಒಳಗೆ ಐದಾರು ವಾಲ್ವ್ ಇರೋವು, ಗಾಜಿನ ಬುರುಡೆ ಥರ. ಅವು ಕಾಯಬೇಕು, ಕಾದಮೇಲೆ ಮಾತು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯೋದು ಅದಕ್ಕೇ. ಹಿಂದಿನ ರಟ್ಟಿನ ಮುಚ್ಚಳದಲ್ಲಿ ತೂತು ಇರೋದು ಆ ಬಿಸಿ ಹೊರಗೆ ಹೋಗಲಿ ಅಂತ. ಗೋಡೆಗೆ ಒತ್ತಿ ಇಟ್ಟರೆ, ಮೇಲೆ ದಪ್ಪ ಕಸೂತಿ ಬಟ್ಟೆ ಹೊದಿಸಿದರೆ ಬಿಸಿ ಒಳಗೇ ಉಳಿದು ಸೆಟ್ ಬೇಗ ಹಾಳಾಗೋದು. ಆದರೂ ಕಸೂತಿ ಬಟ್ಟೆ ಹೊದಿಸದ ಮನೆ ಇರಲಿಲ್ಲ ಅನ್ನಿ.

ಕೆಲವು ಸೆಟ್ಟಿನ ಹಿಂದೆ ವೋಲ್ಟೇಜ್ ಆರಿಸುವ ಸಣ್ಣ ಪ್ಲಗ್ ಇರುತ್ತೆ. 110, 200, 230, 250 ಅಂತ ಅಂಕಿ ಇರುತ್ತೆ. ಕರೆಂಟ್ ಒಂದೊಂದು ಊರಲ್ಲಿ ಒಂದೊಂದು ಥರ ಇದ್ದ ಕಾಲ ಅದು. 230ರ ಊರಲ್ಲಿ ಪ್ಲಗ್ 110ರಲ್ಲಿ ಇದ್ದರೆ ಸೆಟ್ಟಿನ ಕಥೆ ಆ ಕ್ಷಣವೇ ಮುಗೀತು.

ಸೂರಿನ ಮೇಲಿನ ತಂತಿ, ಬಚ್ಚಲ ಹಿಂದಿನ ಗುಂಡಿ

ಮೂರನೇ ಕೆಲಸವೇ ನಿಜವಾದ ಕೆಲಸ. ಸೆಟ್ಟಿನ ಹಿಂದೆ ಎರಡು ತೂತು. ಒಂದು ಏರಿಯಲ್ ಅಂತ, ಇನ್ನೊಂದು ಅರ್ಥ್ ಅಂತ.

ಏರಿಯಲ್ ಅಂದ್ರೆ ತಾಮ್ರದ ತಂತಿ. ಮೂವತ್ತರಿಂದ ಅರವತ್ತು ಅಡಿ. ಎರಡು ಬಿದಿರ ಗಳಕ್ಕೋ, ಒಂದು ತುದಿ ಮನೆ ಮಾಡಿಗೆ ಇನ್ನೊಂದು ತುದಿ ಮರಕ್ಕೋ ಕಟ್ಟೋದು. ಎರಡೂ ತುದಿಯಲ್ಲಿ ಪಿಂಗಾಣಿ ಇನ್ಸುಲೇಟರ್. ತಂತಿ ಗೋಡೆಗಾಗಲಿ, ಹಂಚಿಗಾಗಲಿ, ಒದ್ದೆ ಎಲೆಗಾಗಲಿ ತಾಗಬಾರದು. ಗಾಳಿಗೆ ತೂಗಾಡುವ ಮರಕ್ಕೆ ಬಿಗಿಯಾಗಿ ಕಟ್ಟಿದರೆ ಮೊದಲ ಗಾಳಿಗೇ ತಂತಿ ತುಂಡು. ಅದಕ್ಕೆ ಗೊತ್ತಿದ್ದವರು ಮರದ ಕಡೆ ಸಣ್ಣ ರಾಟೆ ಹಾಕಿ, ಹಗ್ಗದ ತುದಿಗೆ ಕಲ್ಲು ತೂಗುಬಿಡೋರು. ಮರ ಆಚೀಚೆ ಹೋದಂಗೆ ಕಲ್ಲು ಮೇಲೆ ಕೆಳಗೆ ಆಗುತ್ತೆ, ತಂತಿ ಮಾತ್ರ ಬಿಗಿಯಾಗೇ ಇರುತ್ತೆ. ಇಷ್ಟು ಉದ್ದ ಕಟ್ಟೋಕೆ ಜಾಗ ಇಲ್ಲದವರು ಕೋಣೆ ಒಳಗೇ ಅಡ್ಡಕ್ಕೆ ತೂಗುಹಾಕುವ ತಾಮ್ರದ ಜಾಳಿಗೆ ಪಟ್ಟಿ ತರೋರು. ನಡುವೆ ತಗ್ಗಿದ ಆ ಪಟ್ಟಿ ಎಷ್ಟೋ ಮನೆಗಳ ಹಳೇ ಫೋಟೋದಲ್ಲಿ ಹಿಂದುಗಡೆ ಕಾಣುತ್ತೆ, ಗಮನಿಸಿ.

ಒಂದು ನಿಯಮ ಮಾತ್ರ ಆಗಲೂ ಇತ್ತು, ಈಗಲೂ ಇದೆ. ಕರೆಂಟ್ ಲೈನಿನ ಮೇಲೆ, ಕೆಳಗೆ, ಹತ್ತಿರ ಎಲ್ಲೂ ಏರಿಯಲ್ ಎಳೆಯಬಾರದು. ಕಡಿದು ಬಿದ್ದರೆ ಜೀವಕ್ಕೆ ಅಪಾಯ. ಬೀಳದೇ ಇದ್ದರೂ ಲೈನಿಗೆ ಸಮಾನಾಂತರವಾಗಿ ಇದ್ದರೆ ಅದರ ಗುಂಯ್ ಅನ್ನೋ ಸದ್ದನ್ನೆಲ್ಲ ಎಳೆದುಕೊಂಡು ಬರುತ್ತೆ. ಲೈನಿಗೆ ಅಡ್ಡಡ್ಡ ದಿಕ್ಕಿನಲ್ಲಿ, ದೂರದಲ್ಲಿ ಇರಬೇಕು.

ಅರ್ಥ್ ಕೆಲಸ ನಮಗೆ ರೈತರಿಗೆ ಹೇಳಿಕೊಡೋದೇ ಬೇಡ. ಪಂಪ್‌ಸೆಟ್ಟಿಗೆ ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯುತ್ತೀವಲ್ಲ, ಅದೇ. ರೇಡಿಯೋಗೆ ಅಷ್ಟು ದೊಡ್ಡದು ಬೇಡ. ತೇವ ಆರದ ಜಾಗದಲ್ಲಿ, ಸಾಮಾನ್ಯವಾಗಿ ಬಚ್ಚಲ ನೀರು ಹೋಗುವ ಕಡೆ, ಒಂದು ಪೈಪು ಹೊಡೆದು ತಂತಿ ಕಟ್ಟಿದರೆ ಸಾಕು. ಬೇಸಿಗೆಯಲ್ಲಿ ಸ್ಟೇಷನ್ ಕ್ಷೀಣ ಆಗಿದೆ ಅಂದ್ರೆ ಒಂದು ಕೊಡ ನೀರು ತಗೊಂಡು ಹೋಗಿ ಆ ಗುಂಡಿಗೆ ಸುರಿಯೋರು. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು, ಆದರೆ ಕಾರಣ ಸರಿಯಾಗೇ ಇದೆ. ಒಣ ಮಣ್ಣಲ್ಲಿ ವಿದ್ಯುತ್ ಹರಿಯಲ್ಲ, ಒದ್ದೆ ಮಣ್ಣಲ್ಲಿ ಹರಿಯುತ್ತೆ. ಆಂಟೆನಾ ಅನ್ನೋದು ಮೇಲಿನ ತಂತಿ ಮತ್ತು ಕೆಳಗಿನ ಮಣ್ಣು ಎರಡೂ ಸೇರಿ ಆಗೋದು.

ಇನ್ನೂ ದೊಡ್ಡ ವಿಷಯ ಇದೆ. ಮೀಡಿಯಂ ವೇವ್ ಅಲೆ ಹಗಲು ಹೊತ್ತು ನೆಲಕ್ಕೆ ಅಂಟಿಕೊಂಡೇ ಬರುತ್ತೆ. ತೇವ ಇರೋ, ಸಮತಟ್ಟಾದ ಭೂಮಿಯಲ್ಲಿ ದೂರ ಹೋಗುತ್ತೆ. ಕಲ್ಲು ಗುಡ್ಡದ ಸೀಮೆಯಲ್ಲಿ ಬೇಗ ಸೊರಗುತ್ತೆ. ಬಯಲುಸೀಮೆ ನೆಂಟರ ಮನೇಲಿ ಚೆನ್ನಾಗಿ ಕೇಳಿದ ಸೆಟ್ಟು ನಮ್ಮ ಕಣಿವೆಗೆ ತಂದ ಮೇಲೆ ಮೂಕ ಆದ್ರೆ ಸೆಟ್ಟನ್ನ ಬೈದು ಪ್ರಯೋಜನ ಇಲ್ಲ. ಬೆಳೆಗೆ ಹೇಗೋ ಹಾಗೆ ರೇಡಿಯೋಗೂ ಮಣ್ಣಿನ ಗುಣ ಇದೆ.

ಸಿಡಿಲು

ಎತ್ತರದಲ್ಲಿ ಅರವತ್ತು ಅಡಿ ತಾಮ್ರ ಕಟ್ಟಿ ಅದರ ತುದಿಯನ್ನ ಮನೆ ಒಳಗೆ ತಂದಿಟ್ಟಂಗೆ ಆಯ್ತಲ್ಲ? ಅದಕ್ಕೇ ಗೋಡೆಯ ಹೊರಗೆ ಒಂದು ಸ್ವಿಚ್ ಇಡೋ ಕ್ರಮ ಇತ್ತು. ಮೋಡ ಕಟ್ಟಿತು ಅಂದ್ರೆ ಆ ಸ್ವಿಚ್ ತಿರುಗಿಸಿ ಏರಿಯಲ್ಲನ್ನ ಸೀದಾ ಮಣ್ಣಿಗೆ ಸೇರಿಸಿಬಿಡೋದು. ಸೆಟ್ಟಿನ ಪ್ಲಗ್ ಕೀಳೋದು. ಗುಡುಗು ಶುರು ಆದಮೇಲೆ ಹೋಗಿ ತಂತಿ ಮುಟ್ಟೋದಲ್ಲ, ಅದಕ್ಕೂ ಮುಂಚೆ.

ಮುಂಚೆ ಅಂತ ಗೊತ್ತಾಗೋದು ಹೇಗೆ? ರೇಡಿಯೋನೇ ಹೇಳ್ತಿತ್ತು. ಮೀಡಿಯಂ ವೇವ್‌ನಲ್ಲಿ ಪ್ರತಿ ಮಿಂಚೂ 'ಕಡ್' ಅಂತ ಕೇಳುತ್ತೆ. ಗುಡುಗಿನ ಸದ್ದು ಕಿವಿಗೆ ಬೀಳೋದು ಹದಿನೈದು, ಇಪ್ಪತ್ತು ಕಿಲೋಮೀಟರ್ ಒಳಗೆ ಮಾತ್ರ. ರೇಡಿಯೋದ ಕಡ್ ಕಡ್ ಅದಕ್ಕಿಂತ ಎಷ್ಟೋ ದೂರದಿಂದ ಬರುತ್ತೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗದ್ದೆಯಲ್ಲಿ ಇರೋರಿಗೆ ಇದು ಈಗಲೂ ಕೆಲಸಕ್ಕೆ ಬರುವ ಮಾತು. ಸೆಲ್ಲಿನ ಸಣ್ಣ ರೇಡಿಯೋ ಒಂದನ್ನ ಮೀಡಿಯಂ ವೇವ್‌ನಲ್ಲಿ, ಸ್ಟೇಷನ್ ಇಲ್ಲದ ಜಾಗಕ್ಕೆ ಮುಳ್ಳು ಇಟ್ಟು ಬದುವಿನ ಮೇಲೆ ಇಡಿ. ಆಗೊಂದು ಈಗೊಂದು ಕಡ್ ಅನ್ನೋದು ದಟ್ಟ ಆಗ್ತಾ, ಜೋರಾಗ್ತಾ ಬಂದರೆ ಮೋಡ ನಿಮ್ಮ ಕಡೆಗೇ ಬರ್ತಿದೆ ಅಂತ ತಿಳ್ಕೊಳ್ಳಿ. ಹಾಗಂತ ರೇಡಿಯೋ ಸುಮ್ಮನಿದೆ ಅಂತ ಧೈರ್ಯವಾಗಿ ಇರೋದಲ್ಲ. ಮಿಂಚು ಕಂಡು ಮೂವತ್ತು ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮರದ ಕೆಳಗಲ್ಲ, ಮನೆ ಒಳಗೆ ಹೋಗಬೇಕು.

ಹಗಲಿಗೊಂದು ಆಕಾಶ, ರಾತ್ರಿಗೊಂದು ಆಕಾಶ

ಹಿರಿಯರು "ಸಂಜೆ ಮೇಲೆ ರೇಡಿಯೋ ಚೆನ್ನಾಗಿ ಹಿಡಿಯುತ್ತೆ" ಅಂತಿದ್ದದ್ದು ಬರೀ ಅಭ್ಯಾಸದ ಮಾತಲ್ಲ. ಹಗಲು ಸೂರ್ಯನ ಬಿಸಿಲಿಗೆ ಮೇಲಿನ ವಾಯುಮಂಡಲದಲ್ಲಿ ಒಂದು ಪದರ ಎದ್ದು ಮೀಡಿಯಂ ವೇವ್ ಅಲೆಗಳನ್ನ ನುಂಗಿಬಿಡುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತೆ. ಆಗ ಅದರ ಮೇಲಿನ ಇನ್ನೊಂದು ಪದರಕ್ಕೆ ಅಲೆ ತಾಗಿ, ಕನ್ನಡಿಗೆ ಬಿದ್ದ ಬೆಳಕಿನಂಗೆ ವಾಪಸ್ ಭೂಮಿಗೆ ಬರುತ್ತೆ. ಹಗಲು ಕೇಳದ ನೂರಾರು ಮೈಲಿ ದೂರದ ಸ್ಟೇಷನ್ನು ರಾತ್ರಿ ಕೇಳೋದು ಹೀಗೆ. ಜೊತೆಗೆ ತೊಂದರೆಯೂ ಇದೆ. ತಮಿಳು, ತೆಲುಗು, ಹಿಂದಿ ಎಲ್ಲ ಒಂದರ ಮೇಲೊಂದು ಬರುತ್ತೆ. ಮಾತು ಒಮ್ಮೆ ಜೋರು, ಒಮ್ಮೆ ಕ್ಷೀಣ ಆಗಿ ಅಲೆ ಅಲೆಯಾಗಿ ತೇಲುತ್ತೆ. ಆಗ ನಾಬ್ ಹಿಡಿದು ಸೆಟ್ ಮೇಲೆ ಕೋಪ ಮಾಡ್ಕೋಬಾರದು. ಅದು ಆಕಾಶದ ಆಟ.

ಶಾರ್ಟ್ ವೇವ್ ಇನ್ನೂ ದೂರದ್ದು. ರೇಡಿಯೋ ಸಿಲೋನ್ ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿದ್ದು ಅದರಿಂದಲೇ. 1952ರ ಹೊತ್ತಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ದೂರ ಇಟ್ಟಿದ್ದರು. ಅದೇ ವರ್ಷ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯ್ತು. ಹಿಂದಿ ಅರ್ಥ ಆಗದವರೂ ಕೇಳಿದರು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬಂದದ್ದು ಆ ಕೇಳುಗರನ್ನ ಮನೆಗೆ ವಾಪಸ್ ಕರೆಯೋಕೆ.

ಕರೆಂಟ್ ಇಲ್ಲದ ಊರಿನ ರೇಡಿಯೋ

ಇಷ್ಟೆಲ್ಲ ಹೇಳಿದ್ದು ಕರೆಂಟ್ ಇದ್ದ, ದುಡ್ಡಿದ್ದ ಮನೆಗಳ ಕಥೆ. ಜೋಗದಲ್ಲಿ ಕರೆಂಟ್ ಹುಟ್ಟುತ್ತಿದ್ದರೂ ಅದರ ಸುತ್ತಲ ಹಳ್ಳಿಗಳಿಗೇ ಎಷ್ಟೋ ವರ್ಷ ದೀಪ ಬರಲಿಲ್ಲ ಅನ್ನೋದು ನಮಗೆಲ್ಲ ಗೊತ್ತಿರೋದೇ. ಅಂಥ ಕಡೆ ಬ್ಯಾಟರಿ ಸೆಟ್. ವಾಲ್ವಿನ ಬ್ಯಾಟರಿ ಸೆಟ್ ಅಂದ್ರೆ ಇಟ್ಟಿಗೆಗಿಂತ ದೊಡ್ಡ ಪ್ಯಾಕು. ಒಳಗೆ 90 ವೋಲ್ಟಿನದ್ದೊಂದು ಭಾಗ, ವಾಲ್ವ್ ಕಾಯಿಸೋಕೆ ಒಂದೂವರೆ ವೋಲ್ಟಿನದ್ದೊಂದು ಭಾಗ. ಅದು ಮುಗಿದರೆ ಹೊಸದಕ್ಕೆ ಪೇಟೆಗೆ ಹೋಗಬೇಕು. ಅದಕ್ಕೇ ವಾರ್ತೆ ಮುಗೀತು ಅಂದ್ರೆ ಯಜಮಾನರು ತಟ್ಟನೆ ನಿಲ್ಲಿಸಿಬಿಡೋರು. ಅದು ಜಿಪುಣತನ ಅಲ್ಲ, ಲೆಕ್ಕ.

ಸರ್ಕಾರ ಪಂಚಾಯ್ತಿಗಳಿಗೆ ಸೆಟ್ ಕೊಟ್ಟಿತು. ಕಟ್ಟೆಗೆ ಮುಖ ಮಾಡಿ ಸ್ಪೀಕರ್. ಸೆಟ್ ಕೊಡೋದು ಸುಲಭ, ನಡೆಸೋದು ಕಷ್ಟ. ಬ್ಯಾಟರಿ ತರೋರು ಯಾರು, ದಾರ ಕಡಿದರೆ ಕಟ್ಟೋರು ಯಾರು ಅನ್ನೋದಕ್ಕೆ ಉತ್ತರ ಇದ್ದ ಊರಲ್ಲಿ ರೇಡಿಯೋ ಮಾತಾಡಿತು. ಇಲ್ಲದ ಊರಲ್ಲಿ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತು.

1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೋ ಸಹಾಯದಿಂದ ಒಂದು ಪ್ರಯೋಗ ಮಾಡಿತು. ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಕೂಟ ಮಾಡಿದರು. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ ಕಾರ್ಯಕ್ರಮ. ಕೇಳಿ ಎದ್ದು ಹೋಗೋದಲ್ಲ, ಅಲ್ಲೇ ಕೂತು ಚರ್ಚೆ ಮಾಡಿ, ತಮ್ಮ ಪ್ರಶ್ನೆಗಳನ್ನ ಬರೆದು ಸ್ಟೇಷನ್ನಿಗೆ ಕಳಿಸಬೇಕು. ಅದಕ್ಕೆ ಉತ್ತರ ರೇಡಿಯೋದಲ್ಲೇ ಬರೋದು. ಹೀಗೆ ಕೂಟ ಇದ್ದ ಊರಿನವರು ಬೇರೆ ಊರಿನವರಿಗಿಂತ ಚೆನ್ನಾಗಿ ವಿಷಯ ತಿಳ್ಕೊಂಡರು ಅಂತ ಕಂಡುಬಂದು, 1959ರಿಂದ ಇದನ್ನ ದೇಶದ ಬೇರೆ ಕಡೆಗೂ ಹಬ್ಬಿಸಿದರು. ನಾವೀಗ ವಾಟ್ಸಾಪ್ ಗುಂಪಿನಲ್ಲಿ ಮಾಡ್ತಿರೋದು ಇದನ್ನೇ ಅಲ್ವಾ? ಒಂದೇ ವ್ಯತ್ಯಾಸ: ಅಲ್ಲಿ ಪೂರ್ತಿ ಕೇಳಿದ ಮೇಲೆ ಮಾತು.

1966ರಿಂದ ಆಕಾಶವಾಣಿ ಕೇಂದ್ರಗಳಲ್ಲಿ ಕೃಷಿಗೆ ಅಂತಲೇ ವಿಭಾಗಗಳು ಬಂದವು. ಹೊಸ ತಳಿಗಳ ಕಾಲ. ತಮಿಳುನಾಡಿನ ತಂಜಾವೂರು ಕಡೆ ಎಡಿಟಿ-27 ಅನ್ನೋ ಭತ್ತದ ವಿಷಯವನ್ನ ತಿರುಚ್ಚಿ ಆಕಾಶವಾಣಿ ಬಿಡದೆ ಹೇಳಿತು. ರೈತರು ಆ ಭತ್ತಕ್ಕೆ 'ರೇಡಿಯೋ ಭತ್ತ' ಅಂತಲೇ ಹೆಸರಿಟ್ಟರು. ಬೀಜದ ಹೆಸರು ಹೋಗಿ ರೇಡಿಯೋ ಹೆಸರು ಬಂತು ಅಂದ್ರೆ ಆ ಪೆಟ್ಟಿಗೆ ಮೇಲೆ ಎಷ್ಟು ನಂಬಿಕೆ ಇತ್ತು ನೋಡಿ.

ಟ್ರಾನ್ಸಿಸ್ಟರ್ ಬಂತು, ತಂತಿ ಹೋಯ್ತು

ಅಮೆರಿಕದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ. ಅದನ್ನಿಟ್ಟು ಮಾಡಿದ ರೇಡಿಯೋ ಅಲ್ಲಿನ ಅಂಗಡಿಗೆ ಬಂದದ್ದು 1954ರಲ್ಲಿ. ಅದೇ 1954ರಲ್ಲಿ ನಮ್ಮ ಬೆಂಗಳೂರಿನಲ್ಲಿ ಬಿಇಎಲ್ ಕಾರ್ಖಾನೆ ಹುಟ್ಟಿತು. ಅಲ್ಲಿ 1961ರಲ್ಲಿ ರೇಡಿಯೋ ವಾಲ್ವ್, ಮರುವರ್ಷವೇ ಟ್ರಾನ್ಸಿಸ್ಟರ್‌ಗೆ ಬೇಕಾದ ಜರ್ಮೇನಿಯಂ ಬಿಡಿಭಾಗ ತಯಾರಾಗೋಕೆ ಶುರುವಾಯ್ತು. ಹಳೇದೂ ಹೊಸದೂ ಒಂದರ ಹಿಂದೊಂದು ಬಂದವು.

ಟ್ರಾನ್ಸಿಸ್ಟರ್ ಸೆಟ್ಟಿಗೆ ಕಾಯಬೇಕಾಗಿಲ್ಲ, ಟಾರ್ಚಿನ ಸೆಲ್ಲು ಸಾಕು, ಹೆಗಲಿಗೆ ಹಾಕ್ಕೊಂಡು ಗದ್ದೆಗೆ ಹೋಗಬಹುದು. ಸೂರಿನ ತಂತಿ ಬೇಡ, ಯಾಕಂದ್ರೆ ಏರಿಯಲ್ ಒಳಗೇ ಇದೆ: ಬೆರಳು ದಪ್ಪದ ಕಪ್ಪು ಫೆರೈಟ್ ಕಡ್ಡಿ, ಅದರ ಮೇಲೆ ಸುತ್ತಿದ ತಂತಿ. ಈ ಕಡ್ಡಿಗೆ ಒಂದು ಗುಣ ಇದೆ. ಅದರ ಅಗಲ ಸ್ಟೇಷನ್ ಕಡೆ ಇದ್ದರೆ ಚೆನ್ನಾಗಿ ಹಿಡಿಯುತ್ತೆ, ತುದಿ ಸ್ಟೇಷನ್ ಕಡೆ ಇದ್ದರೆ ಮಂಕಾಗುತ್ತೆ. ರೇಡಿಯೋವನ್ನ ಮೇಜಿನ ಮೇಲೆ ಆಚೆ ಈಚೆ ತಿರುಗಿಸಿ ಸರಿಮಾಡ್ತಿದ್ದ ಅಜ್ಜಂದಿರು ವಿಜ್ಞಾನ ಓದಿರಲಿಲ್ಲ, ಆದರೆ ಮಾಡ್ತಿದ್ದದ್ದು ಅದನ್ನೇ. ಸ್ಟೇಷನ್ ಕೇಳದಿದ್ರೆ ಮೊದಲು ಸೆಟ್ಟನ್ನ ನಿಧಾನಕ್ಕೆ ಕಾಲು ಸುತ್ತು ತಿರುಗಿಸಿ ನೋಡಿ. ಉದ್ದ ಕಡ್ಡಿ ಎಳೆದು ಎತ್ತೋದು ಎಫ್‌ಎಂ, ಶಾರ್ಟ್ ವೇವ್‌ಗೆ ಮಾತ್ರ. ಮೀಡಿಯಂ ವೇವ್‌ಗೆ ಅದರಿಂದ ಪ್ರಯೋಜನ ಇಲ್ಲ.

ಟ್ರಾನ್ಸಿಸ್ಟರ್ ಬಂದಮೇಲೆ ರೇಡಿಯೋ ಕೇಳೋದು ಎಲ್ಲರದ್ದೂ ಆಯ್ತು. ಅದು ದೊಡ್ಡ ಲಾಭ. ಆದರೆ ತಂತಿ ಕಟ್ಟುವ, ಅರ್ಥ್ ಮಾಡುವ ವಿದ್ಯೆ ಒಂದೇ ತಲೆಮಾರಿನಲ್ಲಿ ಮರೆತುಹೋಯ್ತು. ಪೆಟ್ಟಿಗೆ ಅಂದ್ರೇನೇ ರೇಡಿಯೋ ಅನ್ನೋ ಹಾಗಾಯ್ತು.

ಮುಳ್ಳು ಒಂದು ಕಡೆ, ಸ್ಟೇಷನ್ ಒಂದು ಕಡೆ

ಹಳೇ ಡಯಲ್ ಗಾಜಿನ ಮೇಲೆ ಮೀಟರ್ ಲೆಕ್ಕ ಇರುತ್ತೆ, ಹೊಸದರಲ್ಲಿ ಕಿಲೋಹರ್ಟ್ಜ್. ಗಾಬರಿ ಬೇಡ, ಲೆಕ್ಕ ಸುಲಭ. 3,00,000ವನ್ನ ಕಿಲೋಹರ್ಟ್ಜ್‌ನಿಂದ ಭಾಗಿಸಿದರೆ ಮೀಟರ್. ಭದ್ರಾವತಿಯ 675 ಅಂದ್ರೆ 444 ಮೀಟರ್. ಬೆಂಗಳೂರಿನ 612 ಅಂದ್ರೆ 490. ಧಾರವಾಡದ 765 ಅಂದ್ರೆ 392. ಈ ಮೂರು ಅಂಕಿಯನ್ನೂ 9ರಿಂದ ಭಾಗಿಸಿ ನೋಡಿ, ಶೇಷ ಉಳಿಯಲ್ಲ. 1978ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮೀಡಿಯಂ ವೇವ್ ಸ್ಟೇಷನ್‌ಗಳನ್ನೆಲ್ಲ 9 ಕಿಲೋಹರ್ಟ್ಜ್ ಅಂತರಕ್ಕೆ ಹೊಂದಿಸಿದರು. ಅದರಿಂದ ಹಳೇ ಡಯಲ್ಲಿನ ಜಾಗ ಒಂದು ಕೂದಲೆಳೆ ಆಚೀಚೆ ಆಗಿರುತ್ತೆ ಅಷ್ಟೆ. ಮುಳ್ಳು ಒಂದು ಬೆರಳು ದೂರ ಹೋಗಿದೆ ಅಂದ್ರೆ ತಪ್ಪು 1978ರದ್ದಲ್ಲ, ಒಳಗೆ ಮುಳ್ಳನ್ನ ಎಳೆಯುವ ದಾರ ಜಾರಿದೆ. ನಾಬ್ ತಿರುಗುತ್ತೆ, ಮುಳ್ಳು ಅಲ್ಲಾಡಲ್ಲ ಅಂದ್ರೆ ದಾರ ಇಲಿ ಪಾಲಾಗಿದೆ. ಇದು ದೊಡ್ಡ ರೋಗ ಅಲ್ಲ. ಹೊಸ ದಾರ ಸುತ್ತಿದರೆ ಸರಿಹೋಗುತ್ತೆ.

ಪಂಪ್‌ಸೆಟ್ ಬಂತು, ಗೊರಗೊರ ಬಂತು

ಹಳ್ಳಿಗೆ ಕರೆಂಟ್ ಬಂದದ್ದು ರೇಡಿಯೋಗೆ ಒಳ್ಳೇದಾಯ್ತು, ಹಾಗೇ ಅದಕ್ಕೆ ಶತ್ರುವನ್ನೂ ತಂತು. ಎಲ್ಲಿ ಕಿಡಿ ಹಾರುತ್ತೋ ಅಲ್ಲಿಂದ ರೇಡಿಯೋಗೆ ಸದ್ದು. ಮೊದಲು ಸ್ಟಾರ್ಟರ್, ಮಿಕ್ಸಿ, ಕಂಬದ ಮೇಲಿನ ಸಡಿಲ ಜಂಪರ್. ಈಗ ಅದರ ಜೊತೆಗೆ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಪಂಪಿನ ಕಂಟ್ರೋಲರ್, ಯುಪಿಎಸ್. ನಮ್ಮನೇಲಿ ಕೊಟ್ಟಿಗೆಯ ಒಂದು ಬಲ್ಬು ಹಾಕಿದ್ರೆ ಸಾಕು, ಭದ್ರಾವತಿ ಸ್ಟೇಷನ್ ಮಾಯ. ಬಲ್ಬು ಆರಿಸಿದರೆ ವಾಪಸ್.

ಸದ್ದು ಎಲ್ಲಿಂದ ಅಂತ ಹುಡುಕೋಕೆ ಒಂದು ಕ್ರಮ ಇದೆ.

ಸೆಲ್ಲಿನ ರೇಡಿಯೋ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಮನೆ ಒಳಗೇ ಇದ್ದಾನೆ. ಒಂದೊಂದೇ ಸಾಮಾನು ಹಾಕುತ್ತಾ ಬನ್ನಿ, ಸಿಕ್ಕಿಬೀಳ್ತಾನೆ. ಮೇನ್ ಆಫ್ ಆದಮೇಲೂ ಸದ್ದು ಇದ್ದರೆ ಹೊರಗಿನ ಲೈನೋ, ಪಕ್ಕದ ಮನೆಯೋ. ಕಂಬದ ಹತ್ತಿರ ಹೋದಂಗೆ ಕರಕರ ಜೋರಾದರೆ ಅಲ್ಲಿ ಇನ್ಸುಲೇಟರ್ ಬಿರುಕು ಬಿಟ್ಟಿದೆ ಅಥವಾ ಜಂಪರ್ ಸಡಿಲ ಆಗಿದೆ ಅನ್ನೋ ಗುಮಾನಿ. ಕಂಬ ಮುಟ್ಟೋಕೆ ಹೋಗಬೇಡಿ, ಲೈನ್‌ಮನ್‌ಗೆ ಕಂಬದ ನಂಬರ್ ಹೇಳಿ. ಮಳೆಗಾಲದಲ್ಲಿ ಆ ಒಂದು ಫೋನು ಒಂದು ದನವನ್ನೋ, ಒಂದು ಜೀವವನ್ನೋ ಉಳಿಸಬಹುದು.

ವಾಲ್ವ್ ಸೆಟ್ ಆದ್ರೆ ಏರಿಯಲ್ ತಂತಿ ಕಿತ್ತು ನೋಡಿ. ಸದ್ದು ಹೋದರೆ ಅದು ಹೊರಗಿಂದ ಬರ್ತಿತ್ತು, ಸೆಟ್ ಚೆನ್ನಾಗಿದೆ. ವಾಲ್ಯೂಮ್ ಪೂರ್ತಿ ತಗ್ಗಿಸಿದ ಮೇಲೂ ಗುಂಯ್ ಅನ್ನೋದು ಹೋಗದಿದ್ದರೆ ರೋಗ ಒಳಗಿದೆ, ಸಾಮಾನ್ಯವಾಗಿ ಒಣಗಿದ ಫಿಲ್ಟರ್ ಕಂಡೆನ್ಸರ್. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದ್ರೆ ಆ ಕಂಟ್ರೋಲ್ ಒಳಗೆ ಧೂಳು.

ಇನ್ನು ಐಬೆಕ್ಸ್ ಬೇಲಿ ಹಾಕಿಸಿದವರು ಇದನ್ನ ಬರೆದಿಟ್ಟುಕೊಳ್ಳಿ. ಸೆಕೆಂಡಿಗೊಮ್ಮೆ ಟಿಕ್, ಟಿಕ್ ಅಂತ ರೇಡಿಯೋದಲ್ಲಿ ಬಂದರೆ ಅದು ಬೇಲಿಯ ಝಟ್ಕಾ. ಅದನ್ನೇ ಉಪಯೋಗಕ್ಕೆ ತಗೊಳ್ಳಬಹುದು. ಸೆಲ್ಲಿನ ರೇಡಿಯೋವನ್ನ ಮೀಡಿಯಂ ವೇವ್‌ನ ಕೆಳ ತುದಿಯಲ್ಲಿ, ಸ್ಟೇಷನ್ ಇಲ್ಲದ ಕಡೆ ಇಟ್ಟು, ತಂತಿ ಮುಟ್ಟದ ಹಾಗೆ ಬೇಲಿ ಗುಂಟ ನಡೀರಿ. ಎಲ್ಲಿ ಟಿಕ್ ಸದ್ದು ಇದ್ದಕ್ಕಿದ್ದಂತೆ ಜೋರಾಗುತ್ತೋ ಅಲ್ಲಿ ತಂತಿ ಗಿಡಕ್ಕೋ ಕಂಬಕ್ಕೋ ಕಿಡಿ ಹಾರಿಸ್ತಿದೆ. ಎಕರೆಗಟ್ಟಲೆ ಬೇಲಿ ಕಣ್ಣಲ್ಲಿ ಹುಡುಕೋ ಬದಲು ಕಿವಿಯಲ್ಲಿ ಹುಡುಕಬಹುದು.

ಈಗ ಉಳಿದಿರೋದು

ಎಫ್‌ಎಂ ಬಂದಮೇಲೆ ಗೊರಗೊರ ಇಲ್ಲದ ಸದ್ದು ಸಿಕ್ಕಿತು. ಆದರೆ ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣು ಹೋದಷ್ಟು ದೂರ ಹೋಗುವಂಥದ್ದು. ಗುಡ್ಡ ಅಡ್ಡ ಬಂದರೆ ಮುಗೀತು. ಮಲೆನಾಡಿನ ಕಣಿವೆಗಳಿಗೆ ಇಳಿದು ಬರ್ತಿದ್ದದ್ದು ಮೀಡಿಯಂ ವೇವ್. ಈಗ ಆಕಾಶವಾಣಿ ದೇಶದಲ್ಲಿ ಹಲವು ಹಳೇ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ನಿಲ್ಲಿಸಿದೆ, ಕೆಲವನ್ನ ಡಿಜಿಟಲ್ಲಿಗೆ ತಿರುಗಿಸಿದೆ. ಡಿಜಿಟಲ್ ಪ್ರಸಾರ ನಮ್ಮ ಹಳೇ ಸೆಟ್ಟಿನಲ್ಲಿ ಬರೀ ಜಲಪಾತದ ಸದ್ದಿನಂಗೆ ಸುಯ್ ಅಂತ ಕೇಳುತ್ತೆ. ಅದನ್ನ ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಸೆಟ್ ಮೂಕ ಆಗಿದ್ದರೆ ಮೊದಲು ಪಕ್ಕದ ಮನೆ ರೇಡಿಯೋದಲ್ಲಿ ಅದೇ ಸ್ಟೇಷನ್ ಬರುತ್ತಾ ನೋಡಿ. ಮಾತಾಡೋರೇ ಇಲ್ಲದಿದ್ದರೆ ಕೇಳೋನು ಏನು ಮಾಡ್ತಾನೆ?

ನೆಟ್ಟಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ, ಟವರ್ ಬ್ಯಾಟರಿ ಮುಗಿದು ಮೊಬೈಲೂ ಸತ್ತ ಎರಡನೇ ದಿನ ಯಾವ ಘಾಟಿ ಮುಚ್ಚಿದೆ, ಯಾವ ಡ್ಯಾಂ ಗೇಟ್ ತೆಗೀತಾರೆ ಅಂತ ಹೇಳೋಕೆ ಎರಡು ಸೆಲ್ಲಿನ ಒಂದು ಪೆಟ್ಟಿಗೆ ಮನೇಲಿ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ಅದು ಇರೋದಷ್ಟೇ ಅಲ್ಲ, ಅದನ್ನ ಯಾವ ಕಡೆ ತಿರುಗಿಸಬೇಕು, ಯಾವ ಬಲ್ಬು ಆರಿಸಬೇಕು ಅಂತ ಮನೇಲಿ ಒಬ್ಬರಿಗಾದರೂ ಗೊತ್ತಿರಬೇಕು.

ಅಟ್ಟದ ಸೆಟ್ಟಿಗೆ ಕೈ ಹಾಕುವ ಮುಂಚೆ

ಕೊನೆಯದಾಗಿ, ಅಟ್ಟದಿಂದ ಇಳಿಸಿದ ವಾಲ್ವ್ ಸೆಟ್ಟಿನ ಬಗ್ಗೆ ನಾಲ್ಕು ಮಾತು.

1. ಮೂವತ್ತು ನಲವತ್ತು ವರ್ಷ ಮಲಗಿದ ಸೆಟ್ಟನ್ನ ಸೀದಾ ಪ್ಲಗ್ಗಿಗೆ ಹಾಕಬೇಡಿ. ಒಳಗಿನ ಕಂಡೆನ್ಸರ್‌ಗಳು ಸೋರಿರುತ್ತವೆ, ವೈರಿನ ರಬ್ಬರ್ ಪುಡಿಪುಡಿ ಆಗಿರುತ್ತೆ, ಇಲಿ ಗೂಡು ಕಟ್ಟಿರುತ್ತೆ. ಹೊಗೆ ಬಂದು ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಮೇಲೆ ಅದು ನಿಜವಾಗಿಯೂ ಗುಜರಿ.

2. ಗೊತ್ತಿರೋ ಮೆಕ್ಯಾನಿಕ್ ಮೊದಲು ಅದಕ್ಕೆ ಸರಣಿಯಲ್ಲಿ ಒಂದು ಹಳೇ ಥರದ ತಂತಿ ಬಲ್ಬು ಹಾಕಿ ನೋಡ್ತಾರೆ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ ಅಂತ. ಹೊತ್ತಿ ಮಂಕಾದರೆ ಆಸೆ ಇದೆ ಅಂತ.

3. ಒಳಗೆ 200 ವೋಲ್ಟಿಗಿಂತ ಜಾಸ್ತಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತೆ. ಮಕ್ಕಳ ಕೈಗೆ ಕೊಡಬೇಡಿ.

4. ಕೆಲವು ಸೆಟ್ಟಿಗೆ ಟ್ರಾನ್ಸ್‌ಫಾರ್ಮರೇ ಇರಲ್ಲ, 'ಎಸಿ/ಡಿಸಿ' ಅಂತ ಬರೆದಿರುತ್ತೆ. ಅವುಗಳ ಒಳಗಿನ ತಗಡಿಗೆ ಸೀದಾ ಕರೆಂಟ್ ಬಂದಿರಬಹುದು. ನಾಬ್ ಬಿದ್ದುಹೋದ ಕಡ್ಡಿ, ತಳದ ಸ್ಕ್ರೂ ಮುಟ್ಟಿದ್ರೂ ಶಾಕ್. ಇಂಥ ಸೆಟ್ಟಿನ ತಗಡಿಗೆ ಅರ್ಥ್ ತಂತಿ ಯಾವತ್ತೂ ಕಟ್ಟಬೇಡಿ.

ಸರಿಯಾದ ಮೇಲೆ ಏರಿಯಲ್ ಎಳೆಯಿರಿ, ಟ್ರಾನ್ಸ್‌ಫಾರ್ಮರ್ ಇರೋ ಸೆಟ್ ಆದರೆ ಅರ್ಥ್ ಗುಂಡಿಗೆ ಒಂದು ಕೊಡ ನೀರು ಹೊಯ್ಯಿರಿ, ಸೂರ್ಯ ಮುಳುಗೋವರೆಗೂ ಕಾಯಿರಿ. ಏರಿಯಲ್ ಕಟ್ಟೋದು, ಅರ್ಥ್ ಮಾಡೋದು ಕೈಯಾರೆ ಕಲಿತ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಸೆಟ್ಟನ್ನ ಗುಜರಿಗೆ ಹಾಕೋ ಮುಂಚೆ ಒಂದು ಸಲ ಅವರನ್ನ ಕರೆದು ಕೂರಿಸಿ, ಕಾಫಿ ಕೊಟ್ಟು, ತಂತಿ ಯಾವ ಮರದಿಂದ ಯಾವ ಮರಕ್ಕೆ ಇತ್ತು ಅಂತ ಕೇಳಿ. ಪೆಟ್ಟಿಗೆ ಬೇಕಾದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತೆ, ಆ ಉತ್ತರ ಅಲ್ಲಿ ಸಿಗಲ್ಲ.